ಪತ್ರಿಕೆ ಹುಟ್ಟಿದ ಜಾಗಕ್ಕೊಂದು ಕಲ್ಲು: ಬೆಂಗಳೂರಿನಲ್ಲಿ ಸ್ಮರಣ ಫಲಕ ಹಾಕಿಸುವುದು ಹೇಗೆ?

ಹಳೆಯ ಪತ್ರಿಕೆಯೊಂದು ಕೈಗೆ ಸಿಕ್ಕರೆ ಎಲ್ಲರೂ ಮೊದಲ ಪುಟ ನೋಡುತ್ತಾರೆ. ನೀವು ಕೊನೆಯ ಪುಟ ತಿರುಗಿಸಿ. ಅದರ ಅಡಿಯಲ್ಲಿ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಒಂದು ವಾಕ್ಯ ಇರುತ್ತದೆ. ಇಂಥವರು ಇಂಥ ಪ್ರೆಸ್ಸಿನಲ್ಲಿ ಅಚ್ಚು ಮಾಡಿಸಿ, ಇಂಥ ಬೀದಿಯಿಂದ ಪ್ರಕಟಿಸಿದರು ಎಂದು. ಪತ್ರಿಕೆಯೊಂದು ಹುಟ್ಟಿದ ಕಟ್ಟಡ ಯಾವುದು ಎಂದು ಪತ್ತೆ ಮಾಡಿ, ಅಲ್ಲಿ ಫಲಕ ಹಾಕಿಸಬೇಕು ಅನ್ನುವವರ ಕೆಲಸ ಶುರುವಾಗುವುದು ಆ ಸಾಲಿನಿಂದ.

ಬೆಂಗಳೂರಿನಲ್ಲಿ ಉದ್ಘಾಟನೆಯ ಕಲ್ಲುಗಳಿಗೆ ಬರವಿಲ್ಲ. ಆದರೆ ರಾತ್ರಿಯೆಲ್ಲ ಅಚ್ಚಿನ ಮೊಳೆ ಜೋಡಿಸಿ, ಬೆಳಗಾಗುವ ಹೊತ್ತಿಗೆ ಮನೆಮನೆಗೆ ಸುದ್ದಿ ಮುಟ್ಟಿಸಿದ ಎಷ್ಟೋ ಅಚ್ಚುಕೂಟಗಳ ಜಾಗದಲ್ಲಿ ಒಂದು ಸಾಲೂ ಬರೆದಿಲ್ಲ. ಅಲ್ಲಿ ಈಗ ಬಟ್ಟೆ ಅಂಗಡಿ ಇದೆ, ಮೊಬೈಲ್ ಅಂಗಡಿ ಇದೆ, ಪಾರ್ಕಿಂಗ್ ಇದೆ. ಅದರಲ್ಲಿ ತಪ್ಪೇನಿಲ್ಲ, ಊರು ಬದಲಾಗುತ್ತಲೇ ಇರುತ್ತದೆ. ಆದರೂ ಆ ಬಾಗಿಲ ಮುಂದೆ ಹಾದುಹೋಗುವವರಿಗೆ ಇಲ್ಲೊಂದು ಪತ್ರಿಕೆ ಇತ್ತು ಎಂದಾದರೂ ಗೊತ್ತಾಗಬೇಕು, ಅಲ್ವಾ? ಇದಕ್ಕೆ ದೊಡ್ಡ ಸಂಸ್ಥೆಯೇ ಆಗಬೇಕಿಲ್ಲ. ನಾಲ್ಕೈದು ಜನ ಮನಸ್ಸು ಮಾಡಿದರೆ ಆಗುತ್ತದೆ. ಹುಡುಕಾಟಕ್ಕೆ ಕಲ್ಲಿಗಿಂತ ಜಾಸ್ತಿ ಸಮಯ ಬೇಕು, ಅಷ್ಟೇ.

1. ಯಾವ ಕಟ್ಟಡ ಎಂದು ಮೊದಲು ತೀರ್ಮಾನಿಸಿ

‘ಮೂಲ ಕಟ್ಟಡ’ ಅನ್ನುವುದು ಸುಲಭದ ಮಾತಲ್ಲ. ಒಂದು ಪತ್ರಿಕೆಗೆ ಒಂದೇ ಸಲಕ್ಕೆ ಮೂರು ವಿಳಾಸ ಇರಬಹುದು. ಸಂಪಾದಕರು ಕೂತು ಬರೆದ ಮನೆ ಒಂದು. ಅಚ್ಚಾದ ಪ್ರೆಸ್ ಇನ್ನೊಂದು. ಚಂದಾ ಹಣ ಕಳಿಸಬೇಕಾದ ಕಚೇರಿ ಮತ್ತೊಂದು. ಸಣ್ಣ ಪತ್ರಿಕೆಗಳು ಸ್ವಂತ ಪ್ರೆಸ್ ಇಲ್ಲದೆ, ಲಗ್ನಪತ್ರಿಕೆ ಮತ್ತು ಕರಪತ್ರ ಅಚ್ಚು ಮಾಡುವ ಕಡೆಯೇ ಶುರುವಾದದ್ದೂ ಉಂಟು.

ಕನ್ನಡದ ಮೊದಲ ಪತ್ರಿಕೆಯನ್ನೇ ನೋಡಿ. ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕರು. ಅಚ್ಚಾದದ್ದು ಮಂಗಳೂರಿನಲ್ಲಿ, ಕಲ್ಲಿನ ಮೇಲೆ ಬರೆದು ಅಚ್ಚೊತ್ತುವ ಕಲ್ಲಚ್ಚಿನಲ್ಲಿ. ಮರುವರ್ಷವೇ ಅದು ಬಳ್ಳಾರಿಗೆ ಹೋಯಿತು, ಹೆಸರೂ ‘ಕನ್ನಡ ಸಮಾಚಾರ’ ಎಂದಾಯಿತು. ಒಂದು ವರ್ಷದೊಳಗೆ ಎರಡು ಊರು, ಎರಡು ಹೆಸರು. ಆ ಪತ್ರಿಕೆಗೆ ಬಳ್ಳಾರಿಯಲ್ಲಿ ಫಲಕ ಹಾಕುವವರು ‘ಇಲ್ಲಿ ಹುಟ್ಟಿತು’ ಎಂದು ಬರೆದರೆ ತಪ್ಪಾಗುತ್ತದೆ.

ನನ್ನ ಸಲಹೆ ಇಷ್ಟು. ಮೊದಲ ಸಂಚಿಕೆ ಅಚ್ಚಾದ ಜಾಗವನ್ನೇ ಹಿಡಿಯಿರಿ. ಸಂಪಾದಕರ ಹೆಸರು ಹೇಗೂ ಚರಿತ್ರೆಯಲ್ಲಿ ಉಳಿಯುತ್ತದೆ. ಮೊಳೆ ಜೋಡಿಸುವ ಕಂಪೋಸಿಟರ್, ಪ್ರೂಫ್ ನೋಡುವವರು, ಮೆಷಿನ್ ತಿರುಗಿಸಿದವರು ಉಳಿಯುವುದಿಲ್ಲ. ಅವರೆಲ್ಲ ಇದ್ದದ್ದು ಪ್ರೆಸ್ಸಿನಲ್ಲಿ. ಕಚೇರಿ ಬೇರೆ ಕಡೆ ಇದ್ದರೆ ಅದನ್ನೂ ಒಂದು ಸಾಲಿನಲ್ಲಿ ಹೇಳಬಹುದು.

ಹೆಸರಿನ ಬಗ್ಗೆಯೂ ಹುಷಾರಾಗಿರಿ. ‘ಕರ್ನಾಟಕ’ ಅನ್ನುವ ಪದ ಎಷ್ಟು ಪತ್ರಿಕೆಗಳ ಹೆಸರಲ್ಲಿದೆ ಎಂದರೆ ಯಾರಿಗಾದರೂ ಗೊಂದಲವಾಗುತ್ತದೆ. ಡಿ.ವಿ. ಗುಂಡಪ್ಪನವರು 1913ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ‘ಕರ್ನಾಟಕ’ ಇಂಗ್ಲಿಷ್ ಪತ್ರಿಕೆ. ತಿರುಮಲೆ ತಾತಾಚಾರ್ಯ ಶರ್ಮರದ್ದು ‘ವಿಶ್ವಕರ್ನಾಟಕ’. ಧಾರವಾಡದ ‘ಕರ್ನಾಟಕ ವೃತ್ತ’ ಬೇರೆ, ವಿಜಯಪುರದ ‘ಕರ್ನಾಟಕ ವೈಭವ’ ಬೇರೆ, ‘ಸಂಯುಕ್ತ ಕರ್ನಾಟಕ’ ಬೇರೆ. ನೆನಪಿನಿಂದ ಬರೆದ ಲೇಖನಗಳಲ್ಲಿ ಇವು ಒಂದಕ್ಕೊಂದು ಬೆರೆತುಬಿಡುತ್ತವೆ. ನಿಮ್ಮ ಟಿಪ್ಪಣಿಯಲ್ಲಿ ಪತ್ರಿಕೆಯ ಹೆಸರಿನ ಪಕ್ಕದಲ್ಲೇ ಭಾಷೆ, ಊರು, ಸಂಪಾದಕರು, ದಿನಪತ್ರಿಕೆಯೋ ವಾರಪತ್ರಿಕೆಯೋ ಎಂದು ಬರೆದಿಡಿ.

2. ವಿಳಾಸ ಹುಡುಕಿ

ಕೊನೆಯ ಪುಟದ ಆ ಸಾಲಿಗೆ ಕಾನೂನಿನ ಬಲವಿದೆ. 1867ರ ಪತ್ರಿಕೆ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆ, ಅಚ್ಚಾದ ಪ್ರತಿಯೊಂದು ಪತ್ರಿಕೆಯ ಮೇಲೂ ಮುದ್ರಕರ ಹೆಸರು ಮತ್ತು ಮುದ್ರಣದ ಜಾಗ ಓದುವಂತಿರಬೇಕು ಎಂದು ಹೇಳಿತ್ತು. ಸ್ವಾತಂತ್ರ್ಯಕ್ಕೆ ಮೊದಲು ಮೈಸೂರು ಸಂಸ್ಥಾನದ ಕಾನೂನು ಬೇರೆ ಇತ್ತು. ಆದರೂ ಅಲ್ಲಿನ ಪತ್ರಿಕೆಗಳಲ್ಲೂ ಈ ಸಾಲು ಸಾಮಾನ್ಯವಾಗಿ ಸಿಗುತ್ತದೆ.

1956ರ ನಂತರದ ಪತ್ರಿಕೆಯಾದರೆ ಇನ್ನೊಂದು ಒಳ್ಳೆಯ ದಾರಿ ಇದೆ. ಗ್ರಂಥಾಲಯದಲ್ಲಿ ಮಾರ್ಚ್ ತಿಂಗಳ ಸಂಚಿಕೆಗಳನ್ನು ಕೇಳಿ. ಪ್ರತಿ ವರ್ಷ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ‘ಫಾರಂ 4’ ಎಂಬ ಹೇಳಿಕೆ ಹಾಕುವ ನಿಯಮ ಬಂತು. ಪ್ರಕಟಣೆಯ ಸ್ಥಳ, ಮುದ್ರಕರು, ಪ್ರಕಾಶಕರು, ಸಂಪಾದಕರು, ಮಾಲೀಕರು, ಅವರವರ ವಿಳಾಸ, ಎಲ್ಲ ಅದರಲ್ಲಿರುತ್ತದೆ. ವರ್ಷಕ್ಕೊಂದರಂತೆ ಹತ್ತು ಮಾರ್ಚ್ ಸಂಚಿಕೆ ನೋಡಿದರೆ ಸಾಕು. ಪತ್ರಿಕೆ ಯಾವ ವರ್ಷ ಮನೆ ಬದಲಿಸಿತು ಎಂದು ತಿಳಿದುಬಿಡುತ್ತದೆ.

ಎಲ್ಲಿ ಹುಡುಕಬೇಕು? ಕಬ್ಬನ್ ಪಾರ್ಕಿನಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಿಂದ ಶುರುಮಾಡಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರಿಂದ ಇದೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು 1915ರಿಂದ ಇದೆ. ಡಿವಿಜಿಯವರೇ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಗ್ರಂಥಾಲಯವೂ ನೋಡಬೇಕಾದದ್ದೇ. ಮಿಷನರಿ ಪ್ರೆಸ್ಸುಗಳ ಜಾಡು ಹಿಡಿದವರು ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹಕ್ಕೆ ಹೋಗಿ. ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ 1858ರಷ್ಟು ಹಿಂದೆಯೇ ಕನ್ನಡ ನಿಘಂಟು ಅಚ್ಚು ಮಾಡಿತ್ತು. ಆ ಕಾಲದ ಅಚ್ಚಿನ ಕಥೆ ತಿಳಿಯದೆ ಪತ್ರಿಕೆಯ ಕಥೆ ಪೂರ್ತಿಯಾಗುವುದಿಲ್ಲ.

ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರವನ್ನು ಮರೆಯಬೇಡಿ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಮೇಲೆ ಒಂದು ಕಠಿಣ ಕಾಯ್ದೆ ತಂದಿತು. ಪತ್ರಿಕೆ ನಡೆಸಬೇಕಾದರೆ ಸರ್ಕಾರದ ಅನುಮತಿ ಪಡೆಯಬೇಕಾಯಿತು. ಅದನ್ನು ವಿರೋಧಿಸಿ ಕೆಲವರು ಪತ್ರಿಕೆಯನ್ನೇ ನಿಲ್ಲಿಸಿದರು. ಅನುಮತಿ ಅಂದ ಮೇಲೆ ಅರ್ಜಿ ಇರುತ್ತದೆ, ಅರ್ಜಿಯಲ್ಲಿ ವಿಳಾಸ ಇರುತ್ತದೆ. ಪತ್ರಿಕೆಗಳನ್ನು ಹಿಡಿತದಲ್ಲಿಡಲು ಸರ್ಕಾರ ಬರೆಸಿದ ಕಾಗದವೇ ಇವತ್ತು ಅವುಗಳ ಗುರುತು ಹೇಳಬಲ್ಲದು. ಹೋಗುವಾಗ ಗುರುತಿನ ಚೀಟಿ ಇರಲಿ. ಏನು ಹುಡುಕುತ್ತಿದ್ದೀರಿ ಎಂದು ಬರೆದ ಒಂದು ಪತ್ರವೂ ಇರಲಿ.

ಹಳೆಯ ಸಂಪುಟ ಕೈಗೆ ಬಂದಾಗ ನಿಧಾನವಾಗಿ ತಿರುಗಿಸಿ. ಪತ್ರಿಕೆಯ ಕಾಗದ ಬೇಗ ಹುಳಿಯೇರಿ, ಹಪ್ಪಳದ ಹಾಗೆ ಮುರಿಯುತ್ತದೆ. ಜೆರಾಕ್ಸ್ ಮಾಡಿಸಲು ಒತ್ತಬೇಡಿ. ಅನುಮತಿ ಕೇಳಿ ಫ್ಲಾಷ್ ಇಲ್ಲದೆ ಫೋಟೋ ತೆಗೆಯಿರಿ. ಪೂರ್ತಿ ಪುಟದ ಒಂದು ಫೋಟೋ, ಆ ಕೊನೆಯ ಸಾಲಿನ ಒಂದು ಫೋಟೋ. ಬೈಂಡ್ ಮಾಡುವಾಗ ಅಂಚು ಕತ್ತರಿಸಿದ್ದರೆ ಆ ಸಾಲೇ ಹೋಗಿರುತ್ತದೆ. ಆಗ ಬೇರೆ ಗ್ರಂಥಾಲಯದ ಪ್ರತಿ ಹುಡುಕಬೇಕು.

ತಾರೀಖು ಸಂವತ್ಸರದಲ್ಲಿದ್ದರೆ ಅವಸರ ಮಾಡಬೇಡಿ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1948ರ ಯುಗಾದಿಗೆ ಶುರುವಾದ ಸರ್ವಧಾರಿ 2008ರಲ್ಲಿ ಮತ್ತೆ ಬಂತು. ಯುಗಾದಿಗೆ ವರ್ಷ ಬದಲಾಗುವುದರಿಂದ ಜನವರಿಯಿಂದ ಮಾರ್ಚ್‌ವರೆಗಿನ ಸಂಚಿಕೆಗಳಲ್ಲಿ ಒಂದು ವರ್ಷ ಆಚೀಚೆ ಆಗುವ ಅಪಾಯ ಇದೆ.

ಪತ್ರಿಕೆಯೇ ಸಿಗಲಿಲ್ಲ ಅಂದರೂ ದಾರಿ ಮುಚ್ಚಲಿಲ್ಲ. ಅದೇ ಪ್ರೆಸ್ಸಿನಲ್ಲಿ ಅಚ್ಚಾದ ಬೇರೆ ಏನಾದರೂ ಸಿಗುತ್ತಾ ನೋಡಿ. ಪಂಚಾಂಗ, ಶಾಲೆಯ ಪುಸ್ತಕ, ನಾಟಕದ ಹ್ಯಾಂಡ್‌ಬಿಲ್, ಲಗ್ನಪತ್ರಿಕೆ. ಇವುಗಳ ಮೂಲೆಯಲ್ಲಿ ಪ್ರೆಸ್ಸಿನ ಹೆಸರು, ಬೀದಿ ಹಾಕುವ ರೂಢಿ ಇತ್ತು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಅರ್ಧ ದಿನ ಕಳೆದರೆ ಇಂಥ ಒಂದಾದರೂ ಕೈಗೆ ಬರಬಹುದು. ನಿಮ್ಮ ಅಜ್ಜಿಯ ಟ್ರಂಕಿನಲ್ಲೂ ಇರಬಹುದು.

3. ಹಳೇ ವಿಳಾಸವನ್ನು ಇವತ್ತಿನ ಬೀದಿಗೆ ತನ್ನಿ

ಬೆಂಗಳೂರಿನಲ್ಲಿ ಕಷ್ಟವಾಗುವುದು ಇಲ್ಲೇ. ನಮ್ಮದು ಬಹುಕಾಲ ಎರಡು ಊರು. ಒಂದು ಪೇಟೆ, ಇನ್ನೊಂದು ದಂಡು. ಪೇಟೆ ಮೈಸೂರು ಸಂಸ್ಥಾನದ್ದು. ದಂಡು, ಅಂದರೆ ಕಂಟೋನ್ಮೆಂಟ್, ಬ್ರಿಟಿಷರ ಆಡಳಿತದಲ್ಲಿತ್ತು. ಅದು ಮೈಸೂರಿಗೆ ವಾಪಸ್ ಬಂದದ್ದು 1947ರ ಜುಲೈನಲ್ಲಿ. ಎರಡೂ ಪುರಸಭೆ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಹಾಗಾಗಿ ದಾಖಲೆಗಳೂ ಎರಡು ಕಡೆ, ಎರಡು ಬಗೆ. ಹಳೆಯ ವಿಳಾಸ ಸಿಕ್ಕ ಕೂಡಲೇ ಅದು ಪೇಟೆಯದ್ದೋ ದಂಡಿನದ್ದೋ ಎಂದು ಗುರುತು ಹಾಕಿಕೊಳ್ಳಿ.

ಆಮೇಲೆ ಬೀದಿಯ ಹೆಸರು. ದೊಡ್ಡಪೇಟೆ ಈಗ ಅವೆನ್ಯೂ ರಸ್ತೆ. ಸಿಡ್ನಿ ರಸ್ತೆ ಈಗ ಕಸ್ತೂರ್ಬಾ ರಸ್ತೆ. ಗ್ರಾಂಟ್ ರಸ್ತೆ ವಿಠಲ್ ಮಲ್ಯ ರಸ್ತೆಯಾಗಿದೆ, ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆಯಾಗಿದೆ. ಸೌತ್ ಪರೇಡ್ ಮಹಾತ್ಮ ಗಾಂಧಿ ರಸ್ತೆಯಾದದ್ದು 1948ರಲ್ಲಿ. ಡೆಕ್ಕನ್ ಹೆರಾಲ್ಡ್ ಅದೇ ವರ್ಷ ಜೂನ್ 17ರಂದು ಶುರುವಾಯಿತು, ಪ್ರಜಾವಾಣಿ ಅಕ್ಟೋಬರ್ 15ರಂದು. ಎರಡೂ ಬೆಳೆದದ್ದು ಆ ರಸ್ತೆಯಲ್ಲೇ. ಆ ಕಾಲದ ಕಾಗದಗಳಲ್ಲಿ ಒಂದೇ ರಸ್ತೆಗೆ ಎರಡು ಹೆಸರು ಕಂಡರೆ ಎರಡು ಜಾಗ ಎಂದುಕೊಳ್ಳಬೇಡಿ.

ಬೀದಿಯ ಹೆಸರಿಗಿಂತ ಮೋಸ ಮಾಡುವುದು ಮನೆ ನಂಬರ್. ನಾನು ಎಡವಿದ್ದೂ ಅಲ್ಲೇ. ಒಂದು ಸಣ್ಣ ವಾರಪತ್ರಿಕೆಯ ವಿಳಾಸದಲ್ಲಿ ನಂಬರ್ 14 ಎಂದಿತ್ತು. ಚಾಮರಾಜಪೇಟೆಯ ಆ ಬೀದಿಯಲ್ಲಿ ಈಗಿನ 14ನೇ ನಂಬರಿನ ಮನೆ ಹುಡುಕಿ, ಅದೇ ಜಾಗ ಎಂದು ನಂಬಿ, ಮನೆಯವರಿಗೂ ಹೇಳಿಬಿಟ್ಟಿದ್ದೆ. ಅವರಿಗೆ ತುಂಬಾ ಖುಷಿಯಾಗಿತ್ತು. ಎರಡು ತಿಂಗಳ ಮೇಲೆ ಅದೇ ಪ್ರೆಸ್ಸಿನಲ್ಲಿ ಅಚ್ಚಾದ ಒಂದು ಲಗ್ನಪತ್ರಿಕೆ ಸಿಕ್ಕಿತು. ಅದರಲ್ಲಿ ‘ಗಣಪತಿ ಗುಡಿಯ ಎದುರು’ ಎಂದಿತ್ತು. ಗುಡಿ ಇದ್ದದ್ದು ಬೀದಿಯ ಇನ್ನೊಂದು ತುದಿಯಲ್ಲಿ. ನಡುವೆ ಯಾವಾಗಲೋ ನಂಬರುಗಳೆಲ್ಲ ಬದಲಾಗಿದ್ದವು. ಆ ಮನೆಯವರ ಹತ್ತಿರ ಹೋಗಿ ನಿಮ್ಮ ಮನೆ ಅಲ್ಲ ಎಂದು ಹೇಳುವಾಗ ನನಗೆ ಸಂಕಟವಾಯಿತು.

ಅದಕ್ಕೇ ಹೇಳುತ್ತೇನೆ. ನಂಬರನ್ನು ಮಾತ್ರ ನಂಬಬೇಡಿ. ಗುಡಿ, ಮಸೀದಿ, ಚರ್ಚು, ಹಳೆಯ ಶಾಲೆ, ಬಾವಿ, ಅರಳಿಕಟ್ಟೆ, ಇಂಥ ಜಾಗ ಬಿಟ್ಟು ಕದಲದ ಗುರುತು ಹಿಡಿಯಿರಿ. ಅದರಿಂದ ಎಷ್ಟನೇ ಮನೆ ಎಂದು ಎಣಿಸಿ. ಹಳೆಯ ಕ್ರಯಪತ್ರಗಳಲ್ಲಿ ಚಕ್ಕುಬಂದಿ ಬರೆದಿರುತ್ತದೆ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಓಣಿ ಎಂದು. ನೂರು ಮನೆ ನಂಬರಿಗಿಂತ ಅದು ಗಟ್ಟಿ ಸಾಕ್ಷಿ. ಮಾಲೀಕರು ತೋರಿಸಲು ಒಪ್ಪಿದರೆ ಅದೃಷ್ಟ. ಇಲ್ಲದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ, ಆಸ್ತಿಯ ನೋಂದಾಯಿತ ವ್ಯವಹಾರ ತೋರಿಸುವ ಋಣಭಾರ ಪತ್ರಕ್ಕೆ ಅರ್ಜಿ ಹಾಕಬಹುದು. ಈಚಿನ ವರ್ಷಗಳದ್ದು ನೋಂದಣಿ ಇಲಾಖೆಯ ಜಾಲತಾಣ ಕಾವೇರಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹಳೆಯದ್ದಕ್ಕೆ ಕಚೇರಿಗೆ ಹೋಗಲೇಬೇಕು.

ಬೀದಿಯಲ್ಲಿ ಹಿರಿಯರನ್ನು ಮಾತನಾಡಿಸಿ. ಕೇಳುವಾಗ ‘ಇದೇ ಕಟ್ಟಡ ಅಲ್ವಾ?’ ಎಂದು ಕೇಳಬೇಡಿ. ಹೌದು ಅಂದುಬಿಡುತ್ತಾರೆ. ‘ಪ್ರೆಸ್ಸಿನ ಸದ್ದು ಯಾವ ಕಡೆಯಿಂದ ಬರುತ್ತಿತ್ತು?’ ಎಂದು ಕೇಳಿ, ಅವರೇ ಬೆರಳು ತೋರಿಸಲಿ. ಪತ್ರಿಕೆ ಹಂಚುತ್ತಿದ್ದವರು ಸಿಕ್ಕರೆ ಬಿಡಬೇಡಿ. ಬೆಳಗಿನ ಜಾವ ಕಟ್ಟು ಎಲ್ಲಿಂದ ಹೊತ್ತು ತಂದೆವು ಎನ್ನುವುದನ್ನು ಅವರು ಮರೆತಿರುವುದಿಲ್ಲ.

ಕೊನೆಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ದಾಖಲೆಯಾದರೂ ಒಂದೇ ಜಾಗವನ್ನು ತೋರಿಸಬೇಕು. ಹಿರಿಯರ ನೆನಪು ಮೂರನೆಯದಾಗಿ ಬರಲಿ. ಅಷ್ಟು ಸಿಗುವವರೆಗೆ ಕಲ್ಲಿನ ಮಾತು ಬೇಡ.

4. ಕಟ್ಟಡ ಅದೇನಾ?

ಜಾಗ ಸಿಕ್ಕಿತು ಎಂದರೆ ಕಟ್ಟಡ ಸಿಕ್ಕಿತು ಎಂದಲ್ಲ. ಮದ್ರಾಸ್ ತಾರಸಿ, ಗಾರೆ ಗೋಡೆ, ಮೇಲೆ ಚೂಪು ಮರದ ಮಾಡು ಇರುವ ಮಂಕಿ ಟಾಪ್ ಕಿಟಕಿ ಕಂಡರೆ ಹಳೆಯದು ಎನ್ನಬಹುದು. ಆದರೆ ಹಳೆಯದೆಲ್ಲ ನಿಮ್ಮ ಕಾಲದ್ದೇ ಆಗಬೇಕಿಲ್ಲ. ಕಟ್ಟಡ ಬಿದ್ದು ಹೊಸದು ಎದ್ದಿದ್ದರೆ ಬೇಸರ ಬೇಡ. ಎಂ.ಜಿ. ರಸ್ತೆಯ ಪ್ಲಾಜಾ ಟಾಕೀಸು ಹೋಗಿ ಅಲ್ಲಿ ಮೆಟ್ರೋ ನಿಲ್ದಾಣ ಬಂದಿಲ್ಲವೇ? ಆ ಜಾಗ ನೋಡಿದಾಗಲೆಲ್ಲ ಹಳಬರು ಪ್ಲಾಜಾ ಎಂದೇ ಹೇಳುತ್ತಾರೆ. ಫಲಕದಲ್ಲಿ ಒಂದೇ ಪದ ಬದಲಾಗುತ್ತದೆ. ‘ಈ ಕಟ್ಟಡದಲ್ಲಿ’ ಅನ್ನುವ ಕಡೆ ‘ಇಲ್ಲಿದ್ದ ಕಟ್ಟಡದಲ್ಲಿ’ ಎಂದು ಬರೆಯಿರಿ.

5. ಮಾಲೀಕರ ಒಪ್ಪಿಗೆ

ಮಾಲೀಕರು ಹೆದರುತ್ತಾರೆ. ಫಲಕ ಹಾಕಿದರೆ ಸರ್ಕಾರ ಕಟ್ಟಡ ವಶಪಡಿಸಿಕೊಳ್ಳುತ್ತದೆ, ಮಾರಲು ಆಗುವುದಿಲ್ಲ, ಕೆಡವಲು ಆಗುವುದಿಲ್ಲ ಎಂಬ ಭಯ. ಅದು ಸಹಜ. ಅವರಿಗೆ ಸಮಾಧಾನವಾಗಿ ವಿವರಿಸಿ. ಸಂರಕ್ಷಿತ ಸ್ಮಾರಕ ಎಂದು ಘೋಷಿಸುವುದು ಬೇರೆ. ಅದಕ್ಕೆ 1961ರ ರಾಜ್ಯ ಕಾಯ್ದೆ ಇದೆ, ಸರ್ಕಾರವೇ ಅಧಿಸೂಚನೆ ಹೊರಡಿಸಬೇಕು. ನಾಗರಿಕರು ಗೋಡೆಗೆ ಹಾಕುವ ಒಂದು ಫಲಕದಿಂದ ಅದು ತಾನಾಗಿ ಬರುವುದಿಲ್ಲ.

ಬಾಯಿಮಾತು ಸಾಲದು, ಒಂದು ಪುಟದ ಪತ್ರ ಮಾಡಿ. ಫಲಕದ ಅಳತೆ, ಗೋಡೆಯ ಯಾವ ಭಾಗ, ಎಷ್ಟು ಮೊಳೆ, ಖರ್ಚು ಯಾರದು, ಒಡೆದರೆ ಸರಿ ಮಾಡುವವರು ಯಾರು, ಮುಂದೆ ಕಟ್ಟಡ ಕೆಡವಿದರೆ ಕಲ್ಲು ಯಾರಿಗೆ ಸೇರಬೇಕು, ಎಲ್ಲ ಅದರಲ್ಲಿರಲಿ. ಕೊನೆಯದನ್ನು ಖಂಡಿತ ಬರೆಯಿರಿ. ಬಾಡಿಗೆದಾರರಿದ್ದರೆ ಅವರನ್ನೂ ಕೇಳಿ. ಅಂಗಡಿ ಬೋರ್ಡಿನ ಮೇಲೆ ಫಲಕ ಬಂದರೆ ನಾಳೆ ಜಗಳವಾಗುತ್ತದೆ. ಆಸ್ತಿ ಕೋರ್ಟಿನಲ್ಲಿದ್ದರೆ ಕಾಯುವುದೇ ಒಳ್ಳೆಯದು.

6. ಸರ್ಕಾರಿ ಅನುಮತಿ

ಖಾಸಗಿ ಗೋಡೆಯಾದರೂ ಬೀದಿಗೆ ಕಾಣುತ್ತದೆ. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇರುವುದರಿಂದ ಪಾಲಿಕೆಗೆ ಒಂದು ಅರ್ಜಿ ಕೊಟ್ಟು ಲಿಖಿತ ಅನುಮತಿ ಪಡೆದರೆ ನೆಮ್ಮದಿ. ಈಗ ಬಿಬಿಎಂಪಿ ಇಲ್ಲ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ನಿಮ್ಮ ಬೀದಿ ಯಾವುದರಲ್ಲಿ ಬರುತ್ತದೆ ಎಂದು ನೋಡಿ ಅರ್ಜಿ ಹಾಕಿ. ತಿಂಗಳುಗಟ್ಟಲೆ ಉತ್ತರ ಬರದಿದ್ದರೆ ಅರ್ಜಿಯ ಸ್ಥಿತಿ ಏನು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯದ ಮೇಲಿರಬೇಕು.

ಕೋಟೆ ಮತ್ತು ಟಿಪ್ಪುವಿನ ಬೇಸಿಗೆ ಅರಮನೆಯ ಆಸುಪಾಸಿನಲ್ಲಿ ಒಂದು ಎಚ್ಚರ ಬೇಕು. ಅವು ಕೇಂದ್ರ ಪುರಾತತ್ವ ಇಲಾಖೆಯವು. ಸುತ್ತ 100 ಮೀಟರ್ ಹೊಸ ನಿರ್ಮಾಣಕ್ಕೆ ನಿಷೇಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಅಲ್ಲಿ ನೆಲದ ಮೇಲೆ ಕಂಬ, ಕಟ್ಟೆ ಕಟ್ಟುವ ಯೋಚನೆ ಬಿಡಿ. ಗೋಡೆಗೆ ಹಾಕುವ ಫಲಕವೇ ಇರಲಿ, ಅದಕ್ಕೂ ಮೊದಲೇ ಕೇಳಿ.

ಪಾರಂಪರಿಕ ಕಟ್ಟಡಗಳ ಉಳಿವಿಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಮತ್ತು ಕರ್ನಾಟಕ ಮಾಧ್ಯಮ ಅಕಾಡೆಮಿಗೂ ಪತ್ರ ಬರೆಯಿರಿ. ನಿಮ್ಮ ದಾಖಲೆ ಇನ್ನೊಬ್ಬರ ಕಣ್ಣಿಗೆ ಬೀಳುವುದೇ ದೊಡ್ಡ ಉಪಕಾರ.

7. ಏನು ಬರೆಯಬೇಕು

ಕಲ್ಲಿನ ಮೇಲೆ ಬರೆಯುವುದು ಈ ಊರಿಗೆ ಹೊಸದಲ್ಲ. ‘ಬೆಂಗಳೂರು’ ಅನ್ನುವ ಹೆಸರೇ ನಮಗೆ ಮೊದಲು ಸಿಕ್ಕಿದ್ದು ಬೇಗೂರಿನ ವೀರಗಲ್ಲಿನಲ್ಲಿ. ಸುಮಾರು ಕ್ರಿ.ಶ. 890ರದು. ಬೆಂಗಳೂರ ಕಾಳಗದಲ್ಲಿ ಸತ್ತವನನ್ನು ನೆನೆಯುವ ಕೆಲವೇ ಸಾಲು.

ಬರೆಯಲು ಕೂರುವ ಮೊದಲು ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆಗೆ ಹೋಗಿ ಬನ್ನಿ. ಗೋಡೆಯಲ್ಲಿ ಒಂದು ಅಮೃತಶಿಲೆಯ ಫಲಕ ಇದೆ. 1791ರ ಮಾರ್ಚ್ 21ರಂದು ಬ್ರಿಟಿಷರ ದಾಳಿ ಈ ಬಿರುಕಿನ ಮೂಲಕ ನಡೆಯಿತು ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು. ಏನು, ಯಾವಾಗ, ಎಲ್ಲಿ, ಅಷ್ಟೇ. ಅಷ್ಟಕ್ಕೇ ಮೈ ಜುಮ್ಮೆನ್ನುತ್ತದೆ. ಚಿಕ್ಕದಾಗಿ ಬರೆಯುವುದನ್ನು ಅದರಿಂದ ಕಲಿಯಿರಿ. ಅದರ ಕೊರತೆಯನ್ನೂ ನೋಡಿ. ಅಂದು ಕೋಟೆ ಕಾಯುತ್ತಾ ಸತ್ತ ಕಿಲ್ಲೇದಾರ ಬಹಾದೂರ್ ಖಾನರ ಹೆಸರು ಆ ಸಾಲಿನಲ್ಲಿಲ್ಲ. ಯಾರನ್ನು ಬಿಡುತ್ತೇವೆ ಎನ್ನುವುದನ್ನೂ ಫಲಕ ಹೇಳಿಬಿಡುತ್ತದೆ.

ನಾನು ಬಳಸುವ ಮಾದರಿ ಹೀಗಿದೆ. ಖಾಲಿ ಜಾಗ ತುಂಬಿಕೊಳ್ಳಿ.

‘ಪತ್ರಿಕೆಯ ಹೆಸರು’
ಇಲ್ಲಿದ್ದ ………… ಪ್ರೆಸ್ಸಿನಲ್ಲಿ ಅಚ್ಚಾಗಿ
ಮೊದಲ ಸಲ ಓದುಗರ ಕೈ ಸೇರಿತು.
ಮೊದಲ ಸಂಚಿಕೆ: …………
ಸಂಪಾದಕರು: …………
ಪತ್ರಿಕೆ ಇಲ್ಲಿದ್ದದ್ದು: ……ರಿಂದ ……ರವರೆಗೆ

ಇದಕ್ಕೆ ಇನ್ನೊಂದು ಸಾಲು ಸೇರಿಸಬೇಕು ಅನ್ನಿಸಿದರೆ ಅದು ಅಚ್ಚುಕೂಟದ ಕೆಲಸಗಾರರ ಬಗ್ಗೆ ಇರಲಿ. ಒಟ್ಟು 40 ಪದ ದಾಟಬೇಡಿ. ಬಸ್ಸಿಗೆ ಕಾಯುವವರು ಓದಿ ಮುಗಿಸುವಷ್ಟಿರಲಿ.

‘ಮೊಟ್ಟಮೊದಲ’ ಅನ್ನುವ ಪದವನ್ನು ಆದಷ್ಟು ಬಿಡಿ. ಬೆಂಗಳೂರಿನ ಮೊದಲ ದಿನಪತ್ರಿಕೆ, ಮೊದಲ ವಾರಪತ್ರಿಕೆ ಎಂದೆಲ್ಲ ಬರೆದ ಮೇಲೆ ಇನ್ನೊಂದು ಹಳೆಯ ಸಂಚಿಕೆ ಎಲ್ಲೋ ಸಿಗುತ್ತದೆ. ಕಲ್ಲಿನ ಮೇಲೆ ತಿದ್ದುಪಡಿ ಹಾಕಲು ಬರುವುದಿಲ್ಲ. ‘ಶ್ರೇಷ್ಠ’, ‘ನಿರ್ಭೀತ’ ಮುಂತಾದ ಹೊಗಳಿಕೆಯೂ ಬೇಡ.

ಉದ್ಘಾಟಿಸಿದವರ ಹೆಸರು, ದಾನಿಗಳ ಹೆಸರು, ನಿಮ್ಮ ಬಳಗದ ಹೆಸರು ಕಲ್ಲಿನ ಮೇಲೆ ಬರಲೇಬಾರದು. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಆ ಹೆಸರುಗಳು ಆಮಂತ್ರಣ ಪತ್ರದಲ್ಲಿ ಇರಲಿ. ಕಲ್ಲು ಪತ್ರಿಕೆಯದ್ದು.

ಭಾಷೆಯ ವಿಷಯ. ಕನ್ನಡ ಮೊದಲು, ದೊಡ್ಡದಾಗಿ. ಆದರೆ ಪತ್ರಿಕೆ ಬೇರೆ ಭಾಷೆಯದಾಗಿದ್ದರೆ ಆ ಲಿಪಿಯೂ ಬೇಕು. ಬೆಂಗಳೂರಿನ ಅಚ್ಚಿನ ಚರಿತ್ರೆ ಕನ್ನಡ ಮತ್ತು ಇಂಗ್ಲಿಷಿನದ್ದು ಮಾತ್ರ ಅಲ್ಲ. 19ನೇ ಶತಮಾನದಲ್ಲೇ ಇಲ್ಲಿಂದ ‘ಕಾಸಿಮ್-ಉಲ್-ಅಖ್ಬಾರ್’ ಎಂಬ ಉರ್ದು ಪತ್ರಿಕೆ ಬರುತ್ತಿತ್ತು. ‘ಸಾಲಾರ್’ 1964ರಲ್ಲಿ ಶುರುವಾಯಿತು. ಉರ್ದು ಪತ್ರಿಕೆಯ ಫಲಕದಲ್ಲಿ ಅದರ ಹೆಸರು ಉರ್ದುವಿನಲ್ಲಿ ಇಲ್ಲದಿದ್ದರೆ, ಅದನ್ನು ಓದಿ ಬೆಳೆದವರಿಗೇ ಅದು ಪರಕೀಯ ಅನ್ನಿಸುತ್ತದೆ.

8. ಕಲ್ಲು, ಅಕ್ಷರ, ಗೋಡೆ

ಹಿತ್ತಾಳೆ ಚಂದ, ಆದರೆ ಕಳುವಾಗುತ್ತದೆ. ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು ನಮ್ಮೂರಿನದೇ, ಗಟ್ಟಿಯೂ ಹೌದು. ತಿಳಿ ಬೂದು ಬಣ್ಣವಾದ್ದರಿಂದ ಕೊರೆದ ಅಕ್ಷರ ದೂರಕ್ಕೆ ಕಾಣುವುದಿಲ್ಲ, ಕಪ್ಪು ಬಣ್ಣ ತುಂಬಬೇಕು. ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್‌ನಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತದೆ. ಬಂಗಾರದ ಬಣ್ಣ ತುಂಬಿಸಿದರೆ ಕೆಲ ವರ್ಷಕ್ಕೆ ಉದುರುತ್ತದೆ. ಅಕ್ಷರ ಆಳವಾಗಿ ಕೊರೆಸಿದ್ದರೆ ಬಣ್ಣ ಹೋದರೂ ಓದಬಹುದು. ಆಳಕ್ಕೆ ದುಡ್ಡು ಜಾಸ್ತಿ ಕೊಡಿ, ಬಣ್ಣಕ್ಕಲ್ಲ.

ಹತ್ತು ಅಡಿ ದೂರದಿಂದ ಓದಬೇಕಾದರೆ ಅಕ್ಷರ ಒಂದು ಅಂಗುಲವಾದರೂ ಇರಬೇಕು. ಕನ್ನಡಕ್ಕೆ ಒತ್ತಕ್ಷರ ಇರುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ.

ಈಗ ಎಲ್ಲಕ್ಕಿಂತ ಜಾಸ್ತಿ ಅನಾಹುತ ಆಗುವ ಮಾತು. ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸುತ್ತೀರಿ. ಕೆತ್ತುವವರು ಅದನ್ನು ಹಳೆಯ ನುಡಿ ಫಾಂಟಿಗೆ ಬದಲಿಸುತ್ತಾರೆ. ಆಗ ಅರ್ಕಾವತ್ತು ಎಲ್ಲೋ ಹೋಗುತ್ತದೆ, ಒತ್ತಕ್ಷರ ಪಕ್ಕದ ಅಕ್ಷರಕ್ಕೆ ಅಂಟುತ್ತದೆ. ‘ಕರ್ನಾಟಕ’, ‘ವಾರ್ತೆ’, ‘ಸ್ವಾತಂತ್ರ್ಯ’, ‘ರಾಷ್ಟ್ರ’, ಇಂಥ ಪದಗಳೇ ಕೆಡುವುದು. ಪತ್ರಿಕೆಗಳ ಫಲಕದಲ್ಲಿ ಬರುವುದೂ ಇವೇ! ಅದಕ್ಕೆ ಅಕ್ಷರಗಳನ್ನು ಚಿತ್ರವಾಗಿ ಬದಲಿಸಿದ ಪಿಡಿಎಫ್ ಕೊಡಿ. ಕಲ್ಲಿನ ಅಳತೆಯಷ್ಟೇ ದೊಡ್ಡ ಕಾಗದದಲ್ಲಿ ಪ್ರಿಂಟ್ ತೆಗೆಸಿ. ಅದನ್ನು ಮೂವರು ಓದಲಿ. ಒಬ್ಬರಾದರೂ ಹಳೆಯ ಪ್ರೂಫ್ ರೀಡರ್ ಆಗಿರಲಿ. ಒಂದೊಂದೇ ಅಕ್ಷರ ಬೆರಳಿಟ್ಟು, ಕೊನೆಯಿಂದ ಹಿಂದಕ್ಕೆ ಓದುವ ಅವರ ಅಭ್ಯಾಸಕ್ಕೆ ಸಿಗದ ತಪ್ಪಿಲ್ಲ. ಆ ಕಾಗದದ ಮೇಲೆ ಮೂವರೂ ಸಹಿ ಹಾಕಿದ ಮೇಲೆಯೇ ಉಳಿ ಕೈಗೆ ಬರಲಿ.

ಫಲಕವನ್ನು ಕಾಂಪೌಂಡ್ ಗೋಡೆಗೆ ಹಾಕಬೇಡಿ. ರಸ್ತೆ ಅಗಲ ಮಾಡುವಾಗ ಮೊದಲು ಬೀಳುವುದು ಅದೇ. ಫುಟ್‌ಪಾತಿನಲ್ಲೂ ಬೇಡ, ಕೇಬಲ್ಲಿಗೆ, ಪೈಪಿಗೆ ಎಂದು ಅಗೆಯುತ್ತಲೇ ಇರುತ್ತಾರೆ. ಕಟ್ಟಡದ ಗೋಡೆ, ಐದು ಅಡಿ ಎತ್ತರ, ಸಜ್ಜೆಯ ಕೆಳಗೆ ಸಿಕ್ಕರೆ ಒಳ್ಳೆಯದು. ಹಳೆಯ ಗಾರೆ ಗೋಡೆಯಾದರೆ ಇಟ್ಟಿಗೆಗೆ ತೂತು ಹೊಡೆಯದೆ ಎರಡು ಇಟ್ಟಿಗೆಯ ನಡುವಿನ ಸಂದಿಯಲ್ಲಿ ಸ್ಟೀಲ್ ಮೊಳೆ ಕೂರಿಸಿ. ಅಂಥ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗಾರೆ ಉದುರುತ್ತದೆ. ಸುಣ್ಣದ ಗಾರೆಯನ್ನೇ ಬಳಸಿ.

9. ಅನಾವರಣದ ದಿನ

ಪತ್ರಿಕೆಯ ಮೊದಲ ಸಂಚಿಕೆಯ ತಾರೀಖು ಒಳ್ಳೆಯ ದಿನ. ಅದು ಹೊಂದದಿದ್ದರೆ ಜುಲೈ 1, ಕನ್ನಡ ಪತ್ರಿಕಾ ದಿನ. ಬೆಳಿಗ್ಗೆ ಆರಕ್ಕೇ ಇಟ್ಟುಕೊಳ್ಳಿ. ಟ್ರಾಫಿಕ್ ಇರುವುದಿಲ್ಲ, ಮೈಕೂ ಬೇಕಾಗುವುದಿಲ್ಲ. ಪತ್ರಿಕೆ ಮನೆಗೆ ಬರುವ ಹೊತ್ತೂ ಅದೇ. ಪರದೆ ಸರಿಸುವುದು ಒಬ್ಬ ಹಿರಿಯ ಕಂಪೋಸಿಟರ್ ಕೈಯಲ್ಲಾಗಲಿ. ಅವರು ಸಿಗದಿದ್ದರೆ ಆ ಬೀದಿಯಲ್ಲಿ ಇವತ್ತಿಗೂ ಪೇಪರ್ ಹಾಕುವವರು ಇದ್ದಾರಲ್ಲ, ಅವರನ್ನು ಕರೆಯಿರಿ. ಮೊದಲ ಸಂಚಿಕೆಯ ಫೋಟೋ ಪ್ರತಿ ಅಚ್ಚು ಹಾಕಿಸಿ ಬಂದವರಿಗೆಲ್ಲ ಕೊಡಿ.

10. ಆಮೇಲೆ

ಫಲಕದ ಫೋಟೋ ತೆಗೆದು ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಜಾಗ ಗುರುತಿಸಿ. ಕಲ್ಲಿನ ಮೇಲೆ ಕ್ಯೂಆರ್ ಕೋಡ್ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅದು ತೋರಿಸುವ ಪುಟ ಕಲ್ಲಿನಷ್ಟು ಬಾಳುವುದಿಲ್ಲ.

ಇಷ್ಟು ದಿನ ಸೇರಿಸಿದ ದಾಖಲೆಗಳನ್ನೆಲ್ಲ ಒಂದು ಕಡತ ಮಾಡಿ. ಕೊನೆಯ ಪುಟದ ಸಾಲಿನ ಫೋಟೋ, ಫಾರಂ 4, ಚಕ್ಕುಬಂದಿಯ ನಕಲು, ಹಿರಿಯರು ಹೇಳಿದ ಮಾತು, ಅನುಮತಿ ಪತ್ರ, ಮೂವರು ಸಹಿ ಹಾಕಿದ ಆ ದೊಡ್ಡ ಕಾಗದ, ಎಲ್ಲ ಇರಲಿ. ಒಂದು ಪ್ರತಿ ಗ್ರಂಥಾಲಯಕ್ಕೆ, ಒಂದು ಪ್ರತಿ ಕಟ್ಟಡದ ಮಾಲೀಕರಿಗೆ. ಮುಂದೆ ಯಾರಾದರೂ ಫಲಕ ತಪ್ಪು ಎಂದರೆ ಅವರು ಕಡತ ತೆಗೆದು ನೋಡಲಿ. ಅವರ ಮಾತೇ ಸರಿಯಿದ್ದರೆ ಕಲ್ಲು ಬದಲಿಸಿ.

ಮೊದಲ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಹೋಗಿ ಬನ್ನಿ. ಮೊಳೆ ಸಡಿಲವಾಗಿದೆಯಾ, ಒತ್ತಕ್ಷರದ ಕೆಳಗೆ ನೀರು ನಿಂತು ಪಾಚಿ ಕಟ್ಟಿದೆಯಾ ನೋಡಿ. ನೀರು ಮತ್ತು ಮೆತ್ತನೆಯ ಬ್ರಷ್ ಸಾಕು. ಆಸಿಡ್ ಮಾತ್ರ ಹಾಕಬೇಡಿ.